ಮೂರನೇ ಕೀಪರ್: ಹುಬ್ಬಳ್ಳಿಯ ಒಂದು ಪ್ರಕರಣ

ಇದು ಒಬ್ಬ ಗೋಲ್‌ಕೀಪರನ ಕಥೆ. ಅವನ ಹೆಸರು ಹೇಳುವುದಿಲ್ಲ. ಕ್ಲಬ್ಬುಗಳ ಹೆಸರೂ ಬೇಡ, ಆಸ್ಪತ್ರೆಯದೂ ಬೇಡ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಆಚೀಚೆ ಮಾಡಿದ್ದೇನೆ, ಆದರೆ ಅವನು ಎಲ್ಲಿ ಹೂಂ ಅಂದ, ಎಲ್ಲಿ ಊಹೂಂ ಅಂದ, ಎಲ್ಲಿ ಬಾಯಿ ಮುಚ್ಚಿಕೊಂಡ ಅನ್ನುವುದು ಮಾತ್ರ ಇದ್ದದ್ದು ಇದ್ದ ಹಾಗೇ ಇದೆ. ಬರೆದು ಮುಗಿಸಿ ಮೊದಲು ಅವನಿಗೇ ಓದಲು ಕೊಟ್ಟೆ. "ಆ ಬಾಲ್ ಪಂಚ್ ಮಾಡಿದ್ದನ್ನ ಬರೀಬೇಕಿತ್ತೇನ್ರಿ?" ಅಂದ. ಬರೀಲೇಬೇಕಿತ್ತು. ಇಲ್ಲಿ ಅವನನ್ನು ಕೀಪರ್ ಅಂತಲೇ ಕರೆಯೋಣ.

ನನ್ನ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ನಾನೂ ಒಂದು ಕಾಲಕ್ಕೆ ಗೋಲಿನಲ್ಲಿ ನಿಂತವನು, ಜಿಲ್ಲೆ ದಾಟಲಿಲ್ಲ. ಈಗ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಹೋಗಿ ಹುಡುಗರಿಗೆ ಬಾಲ್ ಹೊಡೆದುಕೊಡುತ್ತೇನೆ. ಅಷ್ಟೇ.

ಇಟ್ಟಿಗೆ ಹಿಡಿಯುವ ಕೈ

ಕೀಪರನ ಅಪ್ಪ ಗೌಂಡಿ. ಹಳೇ ಹುಬ್ಬಳ್ಳಿ ಕಡೆ ಮನೆ. ರಜೆಯಲ್ಲಿ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿದ್ದ. ಕೆಳಗಿನಿಂದ ಒಬ್ಬ ಇಟ್ಟಿಗೆ ಎಸೆಯುತ್ತಾನೆ, ಮೇಲೆ ನಿಂತವನು ಹಿಡಿದು ಪಕ್ಕಕ್ಕೆ ಇಡುತ್ತಾನೆ, ಇದನ್ನು ಎಲ್ಲರೂ ನೋಡಿದ್ದೇವೆ ಅಲ್ವಾ? ಆದರೆ ಅಲ್ಲಿ ಒಂದು ವಿಷಯ ಇದೆ. ಇಟ್ಟಿಗೆಗೆ ಯಾರೂ ಕೈ ಬಿಗಿ ಮಾಡಿ ಒಡ್ಡುವುದಿಲ್ಲ. ಒಡ್ಡಿದರೆ ಬೆರಳು ಹೋಗುತ್ತದೆ. ಇಟ್ಟಿಗೆ ಬರುತ್ತಿದ್ದಂತೆ ಮೊಣಕೈಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಬಂದ ವೇಗವನ್ನು ತೋಳಿಗೆ ಬಿಟ್ಟುಕೊಟ್ಟು, ಆಮೇಲೆ ಬೆರಳು ಮುಚ್ಚಬೇಕು. ಹದಿಮೂರನೇ ವಯಸ್ಸಿಗೆ ಮೈದಾನಕ್ಕೆ ಬಂದಾಗ ಈ ಹುಡುಗನ ಕೈಗೆ ಅದು ಗೊತ್ತಿತ್ತು. ಬಾಲ್ ಅವನ ಕೈಗೆ ಬಂದರೆ ಸದ್ದೇ ಆಗುತ್ತಿರಲಿಲ್ಲ. ನಾನು ಅವನನ್ನು ಆರಿಸಿದ್ದು ಆ ಸದ್ದಿಲ್ಲದ ಕೈ ನೋಡಿ.

ಕಾಲು ಮಾತ್ರ ಅಷ್ಟು ಚಲೋ ಇರಲಿಲ್ಲ. ನಮ್ಮ ನೆಲವೂ ಹಾಗೇ. ಬೇಸಿಗೆಯಲ್ಲಿ ಸಿಮೆಂಟಿನ ಹಾಗೆ ಗಟ್ಟಿ, ಮಳೆಗಾಲದಲ್ಲಿ ಎರೆ ಮಣ್ಣು ಬೂಟಿಗೆ ಮೆತ್ತಿಕೊಂಡು ಕಾಲೇ ಏಳುವುದಿಲ್ಲ. ಡೈವ್ ಹೊಡೆದರೆ ಸೊಂಟದ ಪಕ್ಕ ಚರ್ಮ ಕಿತ್ತು ಬರುತ್ತದೆ, ಅದಕ್ಕೆ ಒಳಗೆ ಎರಡು ಚಡ್ಡಿ ಹಾಕುತ್ತಿದ್ದ. ಗ್ಲೌಸಿನ ಲೇಟೆಕ್ಸ್ ಒಂದು ತಿಂಗಳಲ್ಲಿ ಸವೆದು ಹೋಗುತ್ತಿತ್ತು. ಇಂಥ ನೆಲದ ಮೇಲೆ ಬ್ಯಾಕ್‌ಪಾಸ್, ಅಂದರೆ ತಮ್ಮವರೇ ಹಿಂದಕ್ಕೆ ಕೊಟ್ಟ ಪಾಸ್, ಬಂದರೆ ಬಾಲ್ ಯಾವಾಗ ಪುಟಿಯುತ್ತದೆ ಹೇಳಲಾಗದು. ಹಾಗಾಗಿ ಇಲ್ಲಿನ ಕೀಪರುಗಳೆಲ್ಲ ಬಂದದ್ದನ್ನು ಜೋರಾಗಿ ಒದ್ದು ದೂರ ಕಳಿಸುವುದನ್ನೇ ಕಲಿಯುತ್ತಾರೆ. 1992ರಲ್ಲಿ ನಿಯಮ ಬದಲಾಯಿತು, ತಮ್ಮವರು ಕಾಲಿನಿಂದ ಕೊಟ್ಟ ಪಾಸನ್ನು ಕೀಪರ್ ಕೈಯಲ್ಲಿ ಹಿಡಿಯುವ ಹಾಗಿಲ್ಲ ಅಂತ. 2019ರಿಂದ ಗೋಲ್ ಕಿಕ್ಕನ್ನು ಪೆನಾಲ್ಟಿ ಬಾಕ್ಸಿನ ಒಳಗಿರುವ ತಮ್ಮ ಆಟಗಾರನಿಗೇ ಕೊಡಬಹುದು. ಹೀಗೆ ವರ್ಷ ಹೋದಂತೆ ಕೀಪರ್ ಅಂದರೆ ಅರ್ಧ ಡಿಫೆಂಡರ್ ಆಗಿಬಿಟ್ಟಿದ್ದಾನೆ. ನಮ್ಮ ಮಣ್ಣಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಎತ್ತರ ಐದು ಅಡಿ ಹನ್ನೊಂದು ಇಂಚು. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್, ಅಂದರೆ ಸರಿಯಾಗಿ ಎಂಟು ಅಡಿ. ಟ್ರಯಲ್‌ಗೆ ಹೋದಲ್ಲೆಲ್ಲ ಮೊದಲು ಟೇಪು ಹಿಡಿಯುತ್ತಿದ್ದರು, ಆಮೇಲೆ ಬಾಲು.

ಹದಿನೆಂಟಕ್ಕೆ ಬೆಂಗಳೂರಿಗೆ ಹೋದ. ಅಲ್ಲಿನ ಮೇಲಿನ ದರ್ಜೆಯ ಸೂಪರ್ ಡಿವಿಷನ್ ಲೀಗಿನ ಒಂದು ಕ್ಲಬ್ ತೆಗೆದುಕೊಂಡಿತು. ತಿಂಗಳಿಗೆ ಹನ್ನೆರಡು ಸಾವಿರ, ಒಂದು ರೂಮಿನಲ್ಲಿ ಐದು ಜನ. ಕೃತಕ ಹುಲ್ಲಿನ ಮೇಲೆ ಮೊದಲ ಸಲ ಆಡಿದವನು ಫೋನ್ ಮಾಡಿ, "ಸರ್, ಇಲ್ಲಿ ಬಾಲ್ ಹೇಳಿದ ಮಾತು ಕೇಳ್ತದ್ರಿ" ಅಂದಿದ್ದ. ಆ ವರ್ಷ ಹದಿನಾಲ್ಕು ಪಂದ್ಯ ಆಡಿದ. ಎರಡನೇ ವರ್ಷವೂ ಅವನೇ ಮೊದಲ ಕೀಪರ್.

ಕೇಳದೇ ಬಿಟ್ಟ ಒಂದು ಪ್ರಶ್ನೆ

ಇಪ್ಪತ್ತು ತುಂಬಿದಾಗ ರಾಷ್ಟ್ರ ಮಟ್ಟದ ಲೀಗಿನಲ್ಲಿ ಆಡುವ ಒಂದು ಕ್ಲಬ್ಬಿನಿಂದ ಕರೆ ಬಂತು. ತಿಂಗಳಿಗೆ ಮೂವತ್ತೈದು ಸಾವಿರ, ಊಟ, ವಸತಿ, ವಿಮಾನದಲ್ಲಿ ಓಡಾಟ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ರಾತ್ರಿ ಹತ್ತಿ ಬೆಳಿಗ್ಗೆ ಊರಿಗೆ ಬಂದು, ಕರಾರಿನ ಕಾಗದವನ್ನು ಅಪ್ಪನ ಮುಂದೆ ಇಟ್ಟ. ಗೌಂಡಿ ಕೆಲಸದ ಮನೆಯಲ್ಲಿ ಆ ಮೊತ್ತ ನೋಡಿದ ಮೇಲೆ ಯಾರು ಏನು ಹೇಳುತ್ತಾರೆ?

ನಾನು ಒಂದೇ ಮಾತು ಹೇಳಿದೆ. "ನೀನು ಎಷ್ಟನೇ ಕೀಪರ್ ಅಂತ ಕೇಳು." ಅವನು ಕೇಳಲಿಲ್ಲ. ಏಜೆಂಟ್ ಅನ್ನಿಸಿಕೊಂಡವನು, "ಒಳಗೆ ಹೋಗು ಮೊದಲು, ಜಾಗ ತಾನಾಗೇ ಸಿಗುತ್ತದೆ" ಅಂದಿದ್ದನಂತೆ. ನಾನೂ ಒತ್ತಾಯ ಮಾಡಲಿಲ್ಲ. ಇದರಲ್ಲಿ ನನ್ನ ಪಾಲೂ ಇದೆ. ಒಬ್ಬ ಹುಡುಗ ನಮ್ಮ ಮೈದಾನದಿಂದ ಅಲ್ಲಿಗೆ ಹೋದ ಅಂತ ಹೇಳಿಕೊಳ್ಳುವ ಆಸೆ ನನಗೂ ಇತ್ತು.

ಅವನು ಮೂರನೇ ಕೀಪರ್ ಆಗಿದ್ದ.

ಮೂರನೇ ಕೀಪರನ ಬದುಕು ಹೊರಗಿನವರಿಗೆ ಗೊತ್ತಾಗುವುದಿಲ್ಲ. ತಂಡದ ಪಟದಲ್ಲಿ ಇರುತ್ತಾನೆ, ಜರ್ಸಿ ಇರುತ್ತದೆ, ಬೆನ್ನ ಮೇಲೆ ಹೆಸರೂ ಇರುತ್ತದೆ. ಬೆಳಿಗ್ಗೆ ಅಭ್ಯಾಸದಲ್ಲಿ ಮೊದಲ ಕೀಪರಿಗೆ ಬಾಲ್ ಎಸೆದುಕೊಡುತ್ತಾನೆ. ಅಭ್ಯಾಸ ಮುಗಿದ ಮೇಲೆ ಸ್ಟ್ರೈಕರುಗಳು ಇನ್ನೂ ಅರ್ಧ ಗಂಟೆ ಶಾಟ್ ಹೊಡೆಯಬೇಕು ಅಂದಾಗ ಗೋಲಿನಲ್ಲಿ ನಿಲ್ಲುವವನು ಅವನೇ. ಅವರಿಗೆ ಗೋಲ್ ಹೊಡೆಯುವುದು ಅಭ್ಯಾಸ, ಇವನಿಗೆ ಗೋಲ್ ತಿನ್ನುವುದು. ಪಂದ್ಯದ ದಿನ ಬೆಂಚಿನ ಮೇಲೂ ಜಾಗವಿಲ್ಲ, ಮೇಲೆ ಗ್ಯಾಲರಿಯಲ್ಲಿ ಕೂರಬೇಕು. ಬೇರೆ ಆಟಗಾರರಾದರೆ ಕೊನೇ ಹತ್ತು ನಿಮಿಷ ಇಳಿಯಬಹುದು, ಬಲ ಬ್ಯಾಕ್ ಇದ್ದವನನ್ನು ಎಡಕ್ಕೆ ಹಾಕಬಹುದು. ಕೀಪರ್ ಜಾಗ ಒಂದೇ. ಮುಂದಿನವನಿಗೆ ಪೆಟ್ಟಾಗಬೇಕು, ಇಲ್ಲವೇ ರೆಡ್ ಕಾರ್ಡ್ ಬೀಳಬೇಕು. ಅಂದರೆ ನಿನ್ನ ಅವಕಾಶಕ್ಕೆ ಇನ್ನೊಬ್ಬನ ಕೇಡು ಕಾಯಬೇಕು. ಇದು ಮನಸ್ಸಿಗೆ ಒಳ್ಳೆಯದಲ್ಲ. ಅವನು ಒಂದು ಸಲ ಹೇಳಿದ್ದ, ಮೊದಲ ಕೀಪರ್ ನೆಲಕ್ಕೆ ಬಿದ್ದು ಒಂದು ಕ್ಷಣ ಏಳದಿದ್ದಾಗ ನನ್ನ ಎದೆ ಹೊಡೆದುಕೊಳ್ಳುತ್ತದೆ, ಆಮೇಲೆ ನನಗೇ ನಾಚಿಕೆ ಆಗುತ್ತದೆ ಅಂತ.

ಒಂದು ಇಡೀ ಸೀಸನ್ ಹೋಯಿತು. ಪಂದ್ಯ ಸೊನ್ನೆ. ನಡುವೆ ಜನವರಿಯಲ್ಲಿ ಲೋನ್ ಮೇಲೆ, ಅಂದರೆ ಕರಾರು ಇಲ್ಲೇ ಇದ್ದು ಸ್ವಲ್ಪ ಕಾಲ ಇನ್ನೊಂದು ಕ್ಲಬ್ಬಿಗೆ ಆಡಲು, ಬೇರೆ ಕಡೆ ಕಳಿಸಿ ಅಂತ ಕೇಳಬಹುದಿತ್ತು. ಕೇಳಿದರೆ ಸಿಟ್ಟಾಗುತ್ತಾರೇನೋ ಅಂತ ಸುಮ್ನೆ ಇದ್ದ. ನಾವು ಆಮೇಲೆ ಕೂತು ಲೆಕ್ಕ ಹಾಕಿದಾಗ ಇಬ್ಬರಿಗೂ ಅನ್ನಿಸಿದ್ದು, ಕೈಗೆ ಪೆಟ್ಟಾದದ್ದಕ್ಕಿಂತ ಈ ಸುಮ್ಮನಿದ್ದದ್ದೇ ದೊಡ್ಡ ತಪ್ಪು ಅಂತ. ಹತ್ತೊಂಬತ್ತು, ಇಪ್ಪತ್ತರ ಕೀಪರಿಗೆ ಬೇಕಾದದ್ದು ಪಂದ್ಯ. ಪಕ್ಕದಿಂದ ಗೋಲಿನ ಮುಂದಕ್ಕೆ ಹೊಡೆದ ಬಾಲ್, ಅಂದರೆ ಕ್ರಾಸ್, ಬಂದಾಗ ಮುಂದೆ ಹೋಗಬೇಕೋ ಗೆರೆಯ ಮೇಲೇ ನಿಲ್ಲಬೇಕೋ ಅನ್ನುವುದನ್ನು ಯಾವ ಕೋಚೂ ಅಭ್ಯಾಸದಲ್ಲಿ ಕಲಿಸಲಾರ. ತಪ್ಪು ಮಾಡಿ, ಗೋಲ್ ತಿಂದು, ಬೈಸಿಕೊಂಡು, ಮುಂದಿನ ವಾರ ಮತ್ತೆ ಅದೇ ಗೆರೆಯ ಮೇಲೆ ನಿಂತಾಗಲೇ ಬರುತ್ತದೆ.

ಹೆಬ್ಬೆರಳಿನ ಬುಡದ ಗುಳಿ

ಎರಡನೇ ವರ್ಷ, 2022ರ ಆಗಸ್ಟ್. ಅದೇ ಹೆಚ್ಚುವರಿ ಅರ್ಧ ಗಂಟೆ. ಆರೇಳು ಮೀಟರ್ ದೂರದಿಂದ ಬಂದ ಶಾಟಿಗೆ ಎಡಗೈ ಹಿಂದಕ್ಕೆ ಬಾಗಿತು. ಕ್ಲಬ್ಬಿನವರು ಎಕ್ಸ್‌ರೇ ತೆಗೆಸಿದರು. ಏನೂ ಕಾಣಲಿಲ್ಲ. ಉಳುಕು ಅಂದರು, ಟೇಪ್ ಸುತ್ತಿದರು. ನೋವು ಹೋಗದಿದ್ದರೆ ಹತ್ತು ದಿನ ಬಿಟ್ಟು ಬಾ ಅಂತಲೂ ಹೇಳಿದ್ದರು. ನ್ಯಾಯವಾಗಿ ಅದನ್ನು ಹೇಳಬೇಕು.

ಹತ್ತು ದಿನಕ್ಕೆ ನೋವು ಹೋಗಿರಲಿಲ್ಲ. ಅವನು ಹೋಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಎರಡನೇ ಕೀಪರಿಗೆ ಡೆಂಗ್ಯೂ ಬಂದಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಇವನಿಗೆ ಬೆಂಚಿನ ಮೇಲೆ ಜಾಗ ಸಿಗುವ ಹಾಗಿತ್ತು. ಆ ಹುಡುಗ ಆಗ ಕೈ ನೋಯುತ್ತದೆ ಅಂತ ಹೇಳುತ್ತಾನಾ? ನೀವಾಗಿದ್ದರೆ ಹೇಳುತ್ತಿದ್ದಿರಾ? ಡೆಂಗ್ಯೂ ಬಂದವನು ಗುಣವಾಗಿ ಬಂದರೂ ನಿಶ್ಶಕ್ತಿ ಹೋಗಿರಲಿಲ್ಲ, ಇವನು ಎರಡನೆಯವನಾಗಿಯೇ ಉಳಿದ. ಟೇಪ್ ಸುತ್ತಿಕೊಂಡೇ ಇದ್ದ.

ಚಳಿಗಾಲದ ಒಂದು ಪಂದ್ಯದಲ್ಲಿ, ತಂಡ 1-0 ಮುಂದಿದ್ದಾಗ, ಮೊದಲ ಕೀಪರ್ ಎದುರಾಳಿಗೆ ಡಿಕ್ಕಿ ಹೊಡೆದು ಹೊರಗೆ ಹೋದ. ಇವನು ಇಳಿದ. ಎರಡು ಒಳ್ಳೆಯ ಸೇವ್ ಮಾಡಿದ, ಎರಡೂ ಬಲಕ್ಕೆ. ಇಪ್ಪತ್ತು ನಿಮಿಷ ಉಳಿದಿರುವಾಗ ಕಾರ್ನರ್ ಬಂತು. ನಾನು ಆ ವಿಡಿಯೋ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬಾಲ್ ಮೆತ್ತಗೆ ತೇಲಿ ಬರುತ್ತಿದೆ, ಸುತ್ತ ಯಾರೂ ಒತ್ತಿ ನಿಂತಿಲ್ಲ, ಹದಿನಾರನೇ ವಯಸ್ಸಿನಲ್ಲಿ ಇಂಥದ್ದನ್ನು ಕಣ್ಣು ಮುಚ್ಚಿ ಹಿಡಿಯುತ್ತಿದ್ದ. ಕೈ ಮೇಲೆ ಹೋಗುತ್ತದೆ. ಬೆರಳು ಬಿಚ್ಚುತ್ತವೆ. ಕೊನೇ ಗಳಿಗೆಯಲ್ಲಿ ಮುಷ್ಟಿಯಾಗುತ್ತವೆ. ಹಿಡಿಯುವ ಬದಲು ಗುದ್ದಿದ. ಎಡ ಮುಷ್ಟಿ ಮಣಿಯಿತು, ಬಾಲ್ ದೂರ ಹೋಗದೆ ಪೆನಾಲ್ಟಿ ಚುಕ್ಕೆಯ ಹತ್ತಿರ ಬಿತ್ತು. ಅಲ್ಲಿದ್ದವನು ಒದ್ದ. 1-1.

ಯಾರೂ ಬೈಯಲಿಲ್ಲವಂತೆ. ಗೋಲ್‌ಕೀಪಿಂಗ್ ಕೋಚ್ ಮಾತ್ರ ಬಸ್ಸಿನಲ್ಲಿ ಪಕ್ಕಕ್ಕೆ ಬಂದು, "ಅದನ್ನು ಯಾಕೆ ಹಿಡಿಯಲಿಲ್ಲ?" ಅಂತ ಕೇಳಿದರು. ಲೈಟ್ ಕಣ್ಣಿಗೆ ಹೊಡೆಯಿತು ಅಂದ. ಕೈ ನೋಯುತ್ತಿದೆ ಅಂತ ಹೇಳಲು ಅದು ಕೊನೆಯ ಅವಕಾಶ. ಅದನ್ನೂ ಬಿಟ್ಟ. ಜನವರಿಯಲ್ಲಿ ಮಾತಾಡಿಕೊಂಡು ಕರಾರು ಮುಗಿಸಿದರು.

ಊರಿಗೆ ಬಂದವನು ನನ್ನ ಗಾಡಿ ತಳ್ಳಲು ಎಡಗೈ ಒತ್ತಿದಾಗ ಮುಖ ಹಿಂಡಿದ. ಕರೆದುಕೊಂಡು ಹೋದೆ. ಹುಬ್ಬಳ್ಳಿಯ ಎಲುಬಿನ ಡಾಕ್ಟರು ಎಕ್ಸ್‌ರೇ ಕೇಳುವ ಮೊದಲೇ ಒಂದು ಕೆಲಸ ಮಾಡಿದರು. ಹೆಬ್ಬೆರಳು ಎತ್ತು ಅಂದರು. ಹೆಬ್ಬೆರಳನ್ನು ಹಿಂದಕ್ಕೆ ಎತ್ತಿದರೆ ಅದರ ಬುಡದಲ್ಲಿ ಸ್ನಾಯುವಿನ ಎರಡು ಹುರಿ ಎದ್ದು ನಡುವೆ ಒಂದು ಗುಳಿ ಬೀಳುತ್ತದೆ. ಹಿಂದಿನವರು ನಶ್ಯ ಇಟ್ಟುಕೊಂಡು ಏರಿಸುತ್ತಿದ್ದ ಜಾಗ. ಅಲ್ಲಿ ಒಂದು ಬೆರಳಿನಿಂದ ಒತ್ತಿದರು. ಕೀಪರ್ ಕುರ್ಚಿಯಿಂದ ಎದ್ದೇಬಿಟ್ಟ.

ಸ್ಕ್ಯಾಫಾಯ್ಡ್ ಅಂತ ಆ ಎಲುಬಿನ ಹೆಸರು. ಮಣಿಕಟ್ಟಿನ ಎಂಟು ಸಣ್ಣ ಎಲುಬುಗಳಲ್ಲಿ ಒಂದು, ಹೆಚ್ಚುಕಡಿಮೆ ಗೋಡಂಬಿ ಆಕಾರ. ಬಿರುಕು ಬಿಟ್ಟರೆ ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಹೋಗುವುದು ಮಾಮೂಲಿ. ಅದಕ್ಕೇ ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆಯುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ. ಇನ್ನೊಂದು ತೊಂದರೆ, ಅದಕ್ಕೆ ರಕ್ತ ಬರುವುದು ಬೆರಳಿನ ಕಡೆಯ ತುದಿಯಿಂದ. ನಡುವೆ ಮುರಿದರೆ ಮೊಣಕೈ ಕಡೆಯ ತುಂಡಿಗೆ ರಕ್ತ ಸಾಲುವುದಿಲ್ಲ, ಕೂಡುವುದು ತಡ, ಕೆಲವೊಮ್ಮೆ ಕೂಡುವುದೇ ಇಲ್ಲ. ಇವನದು ಕೂಡಿರಲಿಲ್ಲ. ಐದು ತಿಂಗಳು ಮುರಿದ ಎಲುಬಿನ ಮೇಲೆ ಬಾಲ್ ಹಿಡಿದಿದ್ದ.

ಹದಿನೈದನೇ ವಯಸ್ಸಿಗೆ ಇದೇ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದ್ದರು, ವಯಸ್ಸು ಸುಳ್ಳು ಹೇಳಿದ್ದಾನೋ ಅಂತ ಎಲುಬು ನೋಡಿ ತಿಳಿಯುವ ಪರೀಕ್ಷೆಗೆ. ಆಗ ಎಲುಬು ಸತ್ಯ ಹೇಳಿತ್ತು. ಈ ಸಲವೂ ಎಲುಬು ಸುಳ್ಳಾಡಲಿಲ್ಲ, ಇವನು ಆಡಿದ್ದ.

ಆಪರೇಷನ್ ಆಯಿತು. ಸೊಂಟದ ಎಲುಬಿನಿಂದ ಚೂರು ತೆಗೆದು ಅಲ್ಲಿಟ್ಟು, ಒಂದು ಸಣ್ಣ ಸ್ಕ್ರೂ ಹಾಕಿದರು. ಕರಾರು ಮುಗಿದಿದ್ದರಿಂದ ಖರ್ಚು ಮನೆಯದ್ದೇ. ಅವ್ವ ಸಂಘದಲ್ಲಿ ಸಾಲ ತೆಗೆದಳು.

ಹಿಟ್ಟು, ನೋಟ್‌ಬುಕ್, ಇಂಗ್ಲಿಷ್ ಪೇಪರ್

2023ರ ಮಾರ್ಚ್ 4. ರಿಯಾದಿನಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಫೈನಲ್, ಕರ್ನಾಟಕ ಮತ್ತು ಮೇಘಾಲಯ. 3-2ರಿಂದ ಗೆದ್ದೆವು, 54 ವರ್ಷ ಆದ ಮೇಲೆ. ನಾನೂ ಅವನೂ ಮೊಬೈಲ್ ಮುಂದೆ ಕೂತಿದ್ದೆವು. ನಾನು ಚಪ್ಪಾಳೆ ಹೊಡೆದೆ. ಅವನ ಎಡಗೈ ಪ್ಲಾಸ್ಟರಿನಲ್ಲಿತ್ತು, ಬಲಗೈಯಿಂದ ತೊಡೆ ತಟ್ಟಿಕೊಂಡ. ಆ ತಂಡದ ಕೆಲವರ ಎದುರು ಲೀಗಿನಲ್ಲಿ ಆಡಿದ್ದವನು ಅವನು.

ಆ ಸಮಯದಲ್ಲಿ ಮಾಡಿದ ಒಂದು ಕೆಲಸ ಆಮೇಲೆ ಬಹಳ ಉಪಯೋಗಕ್ಕೆ ಬಂತು. ಪಿಯುಸಿಯಲ್ಲಿ ಇಂಗ್ಲಿಷ್ ಒಂದು ಉಳಿದಿತ್ತು. ಬಲಗೈ ಹೆಂಗೂ ಖಾಲಿ ಇದೆ, ಬರಿ ಅಂದೆ. ಬೈದುಕೊಂಡೇ ಕಟ್ಟಿದ, ಪಾಸಾದ.

ಪ್ಲಾಸ್ಟರ್ ತೆಗೆದ ಮೇಲೆ ಹಿಡಿತ ಬರಲು ಫಿಸಿಯೋ ಒಂದು ಮೆತ್ತನೆಯ ಮುದ್ದೆ ತರಲು ಹೇಳಿದರು, ಹಿಚುಕುತ್ತಾ ಇರಬೇಕು. ಅದರ ಬೆಲೆ ಕೇಳಿ ಅವ್ವ ನಕ್ಕಳು. ದಿನಾ ಬೆಳಿಗ್ಗೆ ಜೋಳದ ಹಿಟ್ಟು ನಾದುವ ಕೆಲಸ ಅವನಿಗೆ ಹಚ್ಚಿದಳು. ಫಿಸಿಯೋಗೆ ಹೇಳಿದಾಗ ನಾದಲಿ, ಆದರೆ ರೊಟ್ಟಿ ಬಡಿಯುವುದು ಬೇಡ ಅಂದರು. ಬಡಿತ ನೇರವಾಗಿ ಮಣಿಕಟ್ಟಿಗೆ ಹೋಗುತ್ತದಲ್ಲ. ಮೂರು ತಿಂಗಳು ಆ ಮನೆಯ ಹಿಟ್ಟು ಗೋಲ್‌ಕೀಪರನೇ ನಾದಿದ್ದು.

ಜುಲೈ 4ಕ್ಕೆ ಬೆಂಗಳೂರಿನ ಕಂಠೀರವದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಫೈನಲ್. ಪೆನಾಲ್ಟಿ ಶೂಟೌಟಿನಲ್ಲಿ ನಮ್ಮ ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಕುವೈತಿನ ಕೊನೆಯ ಹೊಡೆತ ತಡೆದು ಭಾರತ ಗೆದ್ದಿತು. ಮರುದಿನ ಬೆಳಿಗ್ಗೆ ಹುಡುಗರೆಲ್ಲ ಅದನ್ನೇ ಆಡುತ್ತಿದ್ದರು. ಕೀಪರ್ ಗ್ಲೌಸ್ ಹಾಕಿ ನಿಂತ. ಎಲುಬು ಕೂಡಿದೆ ಅಂತ ಡಾಕ್ಟರ್ ಹೇಳಿಯಾಗಿತ್ತು. ಬಲಕ್ಕೆ ಹೋದದ್ದನ್ನೆಲ್ಲ ಹಿಡಿದ. ಎಡಕ್ಕೆ, ಮೇಲೆ ಬಂದದ್ದನ್ನೆಲ್ಲ ಗುದ್ದಿದ.

ಅವನಿಗೆ ಅದು ಗೊತ್ತೇ ಇರಲಿಲ್ಲ. ನಾನು ಹೇಳಿದರೆ ಇಲ್ಲ ಅಂದ. ಅದಕ್ಕೇ ನೋಟ್‌ಬುಕ್ ಶುರು ಮಾಡಿದೆ. ಎಡಕ್ಕೆ, ತಲೆಯ ಮೇಲೆ, ಹಿಡಿಯಬಹುದಾದ ವೇಗದಲ್ಲಿ ಐವತ್ತು ಬಾಲ್. ಒಂದೊಂದಕ್ಕೂ 'ಹಿ' ಅಥವಾ 'ಗು'. ಹಿಡಿದದ್ದು, ಗುದ್ದಿದ್ದು. ಮೊದಲ ದಿನ 'ಗು' 31. ಅವನು ಪುಟ ನೋಡುತ್ತಾ ನಿಂತ. ವಾದ ಅಲ್ಲಿಗೆ ಮುಗಿಯಿತು. ಮೊದಲು ಟೆನಿಸ್ ಬಾಲ್, ಆಮೇಲೆ ಗಾಳಿ ಕಡಿಮೆ ತುಂಬಿದ ಫುಟ್‌ಬಾಲ್, ಆಮೇಲೆ ಪೂರ್ತಿ ಗಾಳಿ, ಆಮೇಲೆ ಎದುರಿಗೆ ಒಬ್ಬ ಹುಡುಗನನ್ನು ಜಿಗಿಸಿ. ಏಳು ವಾರಕ್ಕೆ 'ಗು' 6ಕ್ಕೆ ಇಳಿಯಿತು. ಸೊನ್ನೆ ಆಗಲಿಲ್ಲ. ಆಗುವುದೂ ಬೇಡ, ಕೆಲವನ್ನು ಗುದ್ದಲೇಬೇಕು.

ಕೆಳಗಿನ ಮೆಟ್ಟಿಲು

ಆ ಹೊತ್ತಿಗೆ ಎರಡು ದಾರಿ ಇದ್ದವು. ಒಂದು ದೊಡ್ಡ ಹೆಸರಿನ ಕ್ಲಬ್ಬಿನ ಟ್ರಯಲ್, ಆಯ್ಕೆಯಾದರೆ ಮತ್ತೆ ಎರಡನೆಯವನೋ ಮೂರನೆಯವನೋ. ಇನ್ನೊಂದು ಬೆಂಗಳೂರಿನ ಎ ಡಿವಿಷನ್ ಕ್ಲಬ್, ಅವನು ಹದಿನೆಂಟಕ್ಕೆ ಆಡಿದ್ದಕ್ಕಿಂತಲೂ ಒಂದು ಮೆಟ್ಟಿಲು ಕೆಳಗೆ, ಹತ್ತು ಸಾವಿರ, ಆದರೆ ಎಲ್ಲ ಪಂದ್ಯವೂ ಇವನದೇ. ಗೆಳೆಯರೆಲ್ಲ ನಕ್ಕರು. ಕೆಳಗೆ ಹೋದದ್ದೇ ತಿರುವು ಅಂತ ನನಗೆ ಈಗ ಅನ್ನಿಸುತ್ತದೆ. ಅವತ್ತು ಮಾತ್ರ ನನಗೂ ಧೈರ್ಯ ಇರಲಿಲ್ಲ. ಅವನೇ, "ಸರ್, ಆಡ್ತೀನ್ರಿ ಸುಮ್ನ" ಅಂದ.

ಹದಿನೇಳು ಪಂದ್ಯ ಆಡಿದ. ಮೊದಲ ನಾಲ್ಕರಲ್ಲಿ ಒಂಬತ್ತು ಗೋಲ್ ತಿಂದ. ಡಿಫೆನ್ಸಿನಲ್ಲಿ ಇಬ್ಬರು ಮಲಯಾಳಿ, ಒಬ್ಬ ಮಣಿಪುರಿ, ಒಬ್ಬ ಶಿವಾಜಿನಗರದವನು. 'ಕೀಪರ್!' ಅಂತ ಕೂಗಿದರೆ ಬಿಡಬೇಕು, 'ಅವೇ!' (ಇಂಗ್ಲಿಷಿನ ಅವೇ, ದೂರ) ಅಂದರೆ ಒದೀಬೇಕು, ಅಷ್ಟೇ ಭಾಷೆ. ಅವನ ದನಿ ಸಣ್ಣದಿತ್ತು. ಆ ವರ್ಷ ದನಿ ಬಿಚ್ಚಿಕೊಂಡಿತು. ಮರುವರ್ಷ ಸೂಪರ್ ಡಿವಿಷನ್‌ಗೆ ವಾಪಸ್, ಮತ್ತೆ ಮೊದಲ ಕೀಪರ್, ಅಲ್ಲಿಂದ ರಾಜ್ಯ ತಂಡಕ್ಕೆ.

ಆಮೇಲೆ ರೈಲ್ವೆ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ನಮ್ಮ ಹುಬ್ಬಳ್ಳಿಯಲ್ಲೇ ಇದೆ, ಈ ಊರಿನ ಎಷ್ಟೋ ಮನೆಗಳಿಗೆ ರೈಲ್ವೆ ಅಂದರೆ ಅನ್ನ. ಕ್ರೀಡಾ ಕೋಟಾದಲ್ಲಿ ಟ್ರಯಲ್‌ಗೆ ಅಂಕ, ಹಿಂದಿನ ಸಾಧನೆಗೆ ಅದಕ್ಕಿಂತ ಜಾಸ್ತಿ ಅಂಕ, ಓದಿಗೂ ಒಂದಷ್ಟು. ಸರ್ಟಿಫಿಕೇಟ್ ಜೋಡಿಸುತ್ತಾ ಕೂತಾಗ ಎಲ್ಲ ಬಯಲಾಯಿತು. ಮೂವತ್ತೈದು ಸಾವಿರದ ಆ ಕ್ಲಬ್ಬಿನ ಕಾಲದಿಂದ ತೋರಿಸಲು ಒಂದು ಹಾಳೆ ಇರಲಿಲ್ಲ. ಕೆಲಸಕ್ಕೆ ಬಂದದ್ದು ರಾಜ್ಯ ತಂಡದ ಕಾಗದ, ಅದಕ್ಕೆ ದಾರಿ ಮಾಡಿಕೊಟ್ಟದ್ದು ಹತ್ತು ಸಾವಿರದ ಕ್ಲಬ್. ಪಿಯುಸಿ ಪಾಸಾಗಿದ್ದಕ್ಕೆ ಮೇಲಿನ ದರ್ಜೆಗೆ ಅರ್ಜಿ ಹಾಕಲು ಆಯಿತು. ಕೆಲಸ ಸಿಕ್ಕಿತು. ಅಪ್ಪ ಅವತ್ತು ಮಧ್ಯಾಹ್ನವೇ ಕೆಲಸ ಬಿಟ್ಟು ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗಿ ಪೇಡೆ ತಂದ. ಹುಬ್ಬಳ್ಳಿಯಲ್ಲೂ ಪೇಡೆ ಸಿಗುತ್ತದೆ. ಆದರೂ ಧಾರವಾಡದಿಂದಲೇ ತಂದ.

ನನ್ನ ಹುಡುಗರಿಗೆ ನಾನು ಈಗ ಮಾಡುವುದು ಬದಲಾಗಿದೆ. ಕ್ಲಬ್ಬಿನಿಂದ ಕರೆ ಬಂದರೆ ಸಂಬಳಕ್ಕೆ ಮೊದಲು ಎಷ್ಟನೇ ಕೀಪರ್ ಅಂತ ಕೇಳಿಸುತ್ತೇನೆ. ಮೂರನೆಯವನು ಅಂದರೆ, ಜನವರಿಯೊಳಗೆ ಆಡದಿದ್ದರೆ ಲೋನ್ ಕೊಡಬೇಕು ಅಂತ ಕರಾರಿನಲ್ಲಿ ಬರೆಸಿ ಅನ್ನುತ್ತೇನೆ. ಬರೆಯುತ್ತಾರೋ ಬಿಡುತ್ತಾರೋ, ಕೇಳಿದ್ದಾದರೂ ಇರಲಿ. ಮಣಿಕಟ್ಟು ಬಾಗಿದರೆ ಆ ಗುಳಿ ಒತ್ತಿ ನೋಡುತ್ತೇನೆ, ಮುಖ ನೋಡುತ್ತೇನೆ, ಬಾಯಿ ಏನು ಹೇಳುತ್ತದೆ ಅಂತ ಕೇಳುವುದಿಲ್ಲ. ಕೀಪರುಗಳಿಗೆ ಅವಸರ ಬೇಕಿಲ್ಲ ಅಂತಲೂ ಹೇಳುತ್ತೇನೆ. ಇಟಲಿಯ ಕೀಪರ್ ಡಿನೋ ಜೋಫ್ 1982ರಲ್ಲಿ ವಿಶ್ವಕಪ್ ಎತ್ತಿದಾಗ ಅವರಿಗೆ 40 ವರ್ಷ. ಈಜಿಪ್ಟಿನ ಎಸ್ಸಾಮ್ ಎಲ್-ಹದಾರಿ 2018ರ ವಿಶ್ವಕಪ್‌ನಲ್ಲಿ 45ನೇ ವಯಸ್ಸಿಗೆ ಪೆನಾಲ್ಟಿ ತಡೆದರು. ಇದನ್ನು ಹುಡುಗರು ಕೇಳುತ್ತಾರೆ, ತಲೆಯಾಡಿಸುತ್ತಾರೆ, ನಂಬುವುದಿಲ್ಲ.

ಕೆಲಸಕ್ಕೆ ಸೇರಿ ಎರಡು ತಿಂಗಳಿಗೆ ಒಂದು ಫೋನ್ ಬಂತು. ನಾನು ಪಕ್ಕದಲ್ಲೇ ಇದ್ದೆ, ಗಿರ್ಮಿಟ್ ತಿನ್ನುತ್ತಿದ್ದೆವು. ರಾಷ್ಟ್ರ ಮಟ್ಟದ ಲೀಗಿನ ಇನ್ನೊಂದು ಕ್ಲಬ್. ಪೂರ್ತಿ ಕೇಳಿಸಿಕೊಂಡು, ಬಾಯಿ ಒರೆಸಿಕೊಂಡು, "ಎಷ್ಟನೇ ಕೀಪರ್ರಿ?" ಅಂದ. ಎರಡನೆಯವನು, ಆದರೆ ಅವಕಾಶ ಖಂಡಿತ ಬರುತ್ತದೆ ಅಂದರಂತೆ. ಥ್ಯಾಂಕ್ಸ್ ಹೇಳಿ ಇಟ್ಟ. ನಾನಾಗಿದ್ದರೆ ಹೋಗುತ್ತಿದ್ದೆ, ರಜೆ ಹಾಕಿಯೋ, ಕಾಲು ಹಿಡಿದೋ. ಅದನ್ನು ಅವನಿಗೆ ಹೇಳಲಿಲ್ಲ.

ಆರು ವಾರ ಕಳೆದ ಮೇಲೆ ಮೈದಾನದಲ್ಲಿ ಮೊಬೈಲ್ ತೋರಿಸಿದ. ಆ ಕ್ಲಬ್ಬಿನ ಮೊದಲ ಕೀಪರಿಗೆ ಮೊಣಕಾಲು ಪೆಟ್ಟು, ಸೀಸನ್ ಮುಗಿಯಿತು. ಇವನ ಬದಲು ತೆಗೆದುಕೊಂಡ ಹುಡುಗ ಆಡುತ್ತಿದ್ದ. ಇಬ್ಬರೂ ಒಂದು ಕ್ಲಿಪ್ ನೋಡಿದೆವು. ಎಡಕ್ಕೆ ಬಂದ ಕ್ರಾಸನ್ನು ಆ ಹುಡುಗ ಗುದ್ದಿದ. "ಹಿಡೀಬಹುದಿತ್ತು" ಅಂದ ಕೀಪರ್. ಮೊಬೈಲ್ ಕಿಸೆಗೆ ಹಾಕಿಕೊಂಡ. ಹತ್ತಕ್ಕೆ ಡ್ಯೂಟಿ ಇತ್ತು, ಹೋದ.